ಬೆಂಕಿ ಆರಿದೆ ಅಂತ ಯಾವಾಗ ಹೇಳಬಹುದು? ಬೆಟ್ಟದ ಬುಡದ ತೋಟದವರಿಗೆ

ನಮ್ಮ ತೋಟಕ್ಕೆ ಬೆಂಕಿ ಬಿದ್ದಿದ್ದು ನಾವು ಬದು ಸುಟ್ಟ ನಾಲ್ಕನೇ ದಿನ.

ದೇವರಾಯನದುರ್ಗದ ಬೆಟ್ಟದ ಸಾಲಿಗೆ ಅಂಟಿಕೊಂಡ ಹಾಗೆ ನಮ್ಮದು ನಾಲ್ಕೂವರೆ ಎಕರೆ. ಮೇಲ್ಗಡೆ ಒಂದು ಎಕರೆ ಹಳೇ ನೀಲಗಿರಿ, ಅದರ ಕೆಳಗೆ ಮಾವು, ಇನ್ನೂ ಕೆಳಗೆ ರಾಗಿ ಹೊಲ. ಶಿವರಾತ್ರಿಯ ಹಿಂದಿನ ವಾರ ನಮ್ಮ ಮನೆಯವರು ಬದುವಿನ ಹುಲ್ಲಿಗೆ ಕಡ್ಡಿ ಗೀರಿದರು. ಎರಡು ಗಂಟೆಯಲ್ಲಿ ಕೆಲಸ ಮುಗಿಯಿತು. ನಾಲ್ಕು ಬಿಂದಿಗೆ ನೀರು ಚೆಲ್ಲಿ, ಕೈಕಾಲು ತೊಳೆದು ಊಟಕ್ಕೆ ಬಂದರು. "ಆರಿತಾ?" ಅಂದೆ. "ಆರದೆ ಏನು?" ಅಂದರು. ನಾನೂ ಸುಮ್ನೆ ಬಡಿಸಿದೆ.

ನಾಲ್ಕನೇ ದಿನ ಮಧ್ಯಾಹ್ನ ಎರಡು ಗಂಟೆ ಇರಬಹುದು. ಪಕ್ಕದ ಹೊಲದ ಅಜ್ಜ ಬದುವಿನ ಮೇಲೆ ನಿಂತು ಕೂಗಿದರು, "ಟೀಚರಮ್ಮಾ, ನಿಮ್ಮ ನೀಲಗಿರಿ ಹತ್ಕೊಂಡೈತೆ ಬನ್ರೀ!" ಬದುವಿನ ಪಕ್ಕದಲ್ಲಿ ಒಂದು ನೀಲಗಿರಿ ಬೊಡ್ಡೆ ಇತ್ತು. ಬೆಂಕಿ ಅದರ ಬೇರಿಗೆ ಇಳಿದು, ಮಣ್ಣಿನ ಒಳಗೇ ಮೂರು ದಿನ ಮಲಗಿತ್ತು. ಗಾಳಿ ಎದ್ದ ಹೊತ್ತಿಗೆ ಎದ್ದು ಬಂತು. 32 ಮಾವಿನ ಗಿಡ ಹೋದವು. ಡ್ರಿಪ್ ಪೈಪು ಕರಗಿ ಕರೀ ಹಾವಿನ ಹಾಗೆ ಬಿದ್ದಿತ್ತು. ಅಜ್ಜನ ರಾಗಿ ಹುಲ್ಲಿನ ಬಣವೆ ಪೂರ್ತಿ ಬೂದಿ. ಅವರಿಗೆ ಎರಡು ಟ್ರ್ಯಾಕ್ಟರ್ ಹುಲ್ಲು ಕೊಡಿಸಿದೆವು. ಅಜ್ಜ ಒಂದು ಮಾತೂ ಬೈಯಲಿಲ್ಲ, ಅದೇ ಜಾಸ್ತಿ ಕಷ್ಟವಾಯಿತು.

ನಾನು 29 ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಟ್ಟವಳು. ಕಾಡ್ಗಿಚ್ಚಿಗೆ ಕಾರಣಗಳೇನು ಅಂತ ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ. ಬೊಡ್ಡೆಯ ಬೇರಿನಲ್ಲಿ ಬೆಂಕಿ ಮೂರು ದಿನ ಇರುತ್ತೆ ಅಂತ ಮಾತ್ರ ಗೊತ್ತಿರಲಿಲ್ಲ. ಆಮೇಲೆ ಕಲಿತೆ. ಅರ್ಧ ಕಲಿತದ್ದು ಬೇಸಿಗೆಗೆ ಅರಣ್ಯ ಇಲಾಖೆಯವರು ತೆಗೆದುಕೊಳ್ಳುವ ವಾಚರ್ ಹುಡುಗರಿಂದ. ಇನ್ನರ್ಧ ಕಲಿತದ್ದು ಮೆಲ್ಬರ್ನಿನಲ್ಲಿ, ಮಗಳ ಬಾಣಂತನಕ್ಕೆ ಹೋದಾಗ.

ಅಲ್ಲಿ ಒಂದು ಭಾನುವಾರ ಅಳಿಯಂದಿರು ನೂಜೀ ಅನ್ನೋ ಊರಿಗೆ ಕರೆದುಕೊಂಡು ಹೋದರು. ಕಾಡಿನ ನಡುವೆ ಮರದಲ್ಲೇ ಕಟ್ಟಿದ ಹಳೇ ರೈಲು ಸೇತುವೆ ಇದೆ. ಸುಮಾರು 100 ಮೀಟರ್ ಉದ್ದ, 20 ಮೀಟರಿಗಿಂತ ಎತ್ತರ. ಮೊದಲು ಕಟ್ಟಿದ್ದು 1919ರಲ್ಲಿ. 1939ರ ಬೆಂಕಿಯಲ್ಲಿ ಸುಟ್ಟುಹೋಗಿ, ಮತ್ತೆ ಕಟ್ಟಿದ್ದು ಅಂತ ಅಳಿಯಂದಿರು ಬೋರ್ಡ್ ಓದಿ ಹೇಳಿದರು. ಸುತ್ತ ನೋಡಿದರೆ ಎಲ್ಲ ನೀಲಗಿರಿ ಜಾತಿಯ ಮರಗಳೇ! ಆ ಕಡೆ ಮೌಂಟನ್ ಆಶ್ ಅಂತಾರೆ. ಕತ್ತೆತ್ತಿದರೆ ತುದಿ ಕಾಣಲ್ಲ. ನಮ್ಮೂರಿನ ಬಡಕಲು ನೀಲಗಿರಿಗೆ ಇವರು ದೊಡ್ಡಪ್ಪಂದಿರು ಅಂದುಕೊಂಡೆ.

ಮನೆಗೆ ಬಂದು ಮಗು ಮಲಗಿದಾಗೆಲ್ಲ ಅದನ್ನೇ ಓದಿದೆ. 1939ರ ಜನವರಿ 13, ಶುಕ್ರವಾರ. ಆ ದಿನ ಮೆಲ್ಬರ್ನಿನಲ್ಲಿ 45.6 ಡಿಗ್ರಿ ಬಿಸಿಲು. ವಿಕ್ಟೋರಿಯಾ ರಾಜ್ಯದಲ್ಲಿ 71 ಜನ ಸತ್ತರು. 69 ಸಾ ಮಿಲ್ಲುಗಳು ಸುಟ್ಟವು. ಆ ಬೇಸಿಗೆಯಲ್ಲಿ ಸುಟ್ಟ ನೆಲ ಸುಮಾರು 20 ಲಕ್ಷ ಹೆಕ್ಟೇರ್. ನಮ್ಮ ತುಮಕೂರು ಜಿಲ್ಲೆ ಪಾವಗಡದಿಂದ ಕುಣಿಗಲ್‌ವರೆಗೆ ಲೆಕ್ಕ ಹಾಕಿದರೂ ಹತ್ತೂವರೆ ಲಕ್ಷ ಹೆಕ್ಟೇರ್ ಚಿಲ್ಲರೆ. ಬೂದಿ ಸಮುದ್ರ ದಾಟಿ ನ್ಯೂಜಿಲೆಂಡಿನಲ್ಲಿ ಬಿತ್ತಂತೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಲೆಕ್ಕ ಅಲ್ಲ. ಆಮೇಲೆ ಜಡ್ಜ್ ಲಿಯೊನಾರ್ಡ್ ಸ್ಟ್ರೆಟನ್ ಅವರ ವಿಚಾರಣಾ ಆಯೋಗ ಕೂತಿತು. ಬೆಂಕಿ ಹಚ್ಚಿದ್ದು ಮನುಷ್ಯರ ಕೈಗಳೇ ಅಂತ ಅವರು ವರದಿಯಲ್ಲಿ ನೇರವಾಗಿ ಬರೆದರು. ಯಾರ ಕೈ? ಹೊಲ ಚೊಕ್ಕ ಮಾಡೋ ರೈತರು, ಹೊಸ ಹುಲ್ಲು ಬರಲಿ ಅಂತ ಸುಡೋ ದನದವರು, ಗಣಿಯವರು, ಮರ ಕಡಿಯೋರು, ಕಾಡಲ್ಲಿ ಟೀ ಕಾಯಿಸಿಕೊಂಡೋರು. ಅದಕ್ಕೆ ಮುಂಚೆ ಮಳೆಯಿಲ್ಲದೆ ಕಾಡೆಲ್ಲ ಒಣಗಿತ್ತು. ಡಿಸೆಂಬರಿನಿಂದಲೇ ಅಲ್ಲಲ್ಲಿ ಸಣ್ಣ ಸಣ್ಣ ಬೆಂಕಿ ಇದ್ದವು. ಎಷ್ಟೋ ಬೆಂಕಿಗಳನ್ನು ಪೂರ್ತಿ ಆರಿಸದೆ, ಅದರ ಪಾಡಿಗೆ ಬಿಟ್ಟಿದ್ದರು. ಶುಕ್ರವಾರ ಉತ್ತರದ ಬಿಸಿಗಾಳಿ ಬೀಸಿದಾಗ ಅವೆಲ್ಲ ಒಂದಕ್ಕೊಂದು ಸೇರಿಕೊಂಡವು.

ಓದುತ್ತಾ ನಮ್ಮ ಮನೆಯವರ "ಆರದೆ ಏನು?" ನೆನಪಾಯಿತು. ಹಾಗಾಗಿ ಇಲ್ಲಿ ಬರೆಯುವುದರಲ್ಲಿ ಜಾಸ್ತಿ ಭಾಗ ಬೆಂಕಿ ಆರಿಸಿದ ಮೇಲಿನ ಕೆಲಸದ ಬಗ್ಗೆ. ಮೊದಲಿನದ್ದನ್ನೂ ಹೇಳುತ್ತೇನೆ.

ಲೈನ್ ಮಾಡುವುದು

ಬೆಂಕಿ ಲೈನ್ ಅಂದರೆ ಬೆಟ್ಟಕ್ಕೂ ನಿಮ್ಮ ತೋಟಕ್ಕೂ ನಡುವೆ ಉರಿಯುವಂಥದ್ದು ಏನೂ ಇಲ್ಲದ ಒಂದು ಪಟ್ಟಿ. ಸಂಕ್ರಾಂತಿ ಕಳೆದ ತಕ್ಷಣ ಶುರು ಮಾಡಿ. ಆಗ ಹುಲ್ಲಿನ ಬುಡದಲ್ಲಿ ಇನ್ನೂ ಸ್ವಲ್ಪ ಹಸಿ ಇರುತ್ತದೆ, ಕುಡುಗೋಲಿಗೆ ಚೆನ್ನಾಗಿ ಸಿಗುತ್ತದೆ. ಶಿವರಾತ್ರಿ ಹೊತ್ತಿಗೆ ಹುಲ್ಲು ಮುರಿದು ಪುಡಿ ಆಗುತ್ತೆ, ಬಿಸಿಲಿಗೆ ಆಳೂ ಸಿಗಲ್ಲ.

ಎಲ್ಲಿ ಹಾಕಬೇಕು ಅಂತ ಕೂತು ಯೋಚಿಸಬೇಡಿ, ನಡೆದು ನೋಡಿ. ನಮ್ಮ ಕಡೆ ಬೆಟ್ಟದಲ್ಲಿ ಬಂಡೆ ಹಾಸುಗಳು ಬೇಕಾದಷ್ಟಿವೆ. ದೇವರೇ ಹಾಕಿಕೊಟ್ಟ ಲೈನು ಅದು. ಒಂದು ಬಂಡೆಯಿಂದ ಹಳ್ಳಕ್ಕೆ, ಹಳ್ಳದಿಂದ ಗಾಡಿ ದಾರಿಗೆ ಸೇರಿಸಿದರೆ ಅರ್ಧ ಕೂಲಿ ಉಳಿಯುತ್ತದೆ. ನಮ್ಮ 600 ಅಡಿ ಬೇಲಿಯಲ್ಲಿ ಕೈಯಾರೆ ಕೆರೆಯಬೇಕಾಗಿದ್ದು 350 ಅಡಿ ಮಾತ್ರ. ಮೂರು ಆಳು, ಎರಡು ದಿನ.

ಅಗಲ ಎಷ್ಟು? ಮೊಣಕಾಲೆತ್ತರದ ಹುಲ್ಲಿದ್ದರೆ ಹತ್ತು ಅಡಿ ಸಾಕು. ಸೊಂಟದೆತ್ತರ ಬೆಳೆದಿದ್ದರೆ ಹದಿನೈದು. ಲಂಟಾನ ಪೊದೆ ಇದ್ದರೆ ಇನ್ನೂ ಜಾಸ್ತಿ ಬೇಕು, ಅದು ಎಣ್ಣೆ ಹಾಕಿದ ಹಾಗೆ ಉರಿಯುತ್ತದೆ. ನಿಜ ಹೇಳಬೇಕು ಅಂದರೆ ಅಗಲದ ಬಗ್ಗೆ ಜನ ತಲೆ ಕೆಡಿಸಿಕೊಳ್ಳುವಷ್ಟು ಗುಡಿಸುವುದರ ಬಗ್ಗೆ ಕೆಡಿಸಿಕೊಳ್ಳುವುದಿಲ್ಲ. ಹುಲ್ಲು ಕೊಯ್ದು ಅಲ್ಲೇ ಬಿಟ್ಟರೆ ಅದು ಲೈನ್ ಅಲ್ಲ, ಹಾಸಿಗೆ. ಕೊಯ್ದ ಮೇಲೆ ಗುದ್ದಲಿಯಲ್ಲಿ ಕೆರೆದು, ಕಡ್ಡಿ ಬರಲಿನಲ್ಲಿ ಮಣ್ಣು ಕಾಣುವ ತನಕ ಗುಡಿಸಬೇಕು. ಕಸವನ್ನು ಬೆಟ್ಟದ ಕಡೆ ಎಸೆಯಬೇಡಿ, ಅಲ್ಲಿ ಬೆಂಕಿಗೆ ಊಟ ಇಟ್ಟ ಹಾಗಾಗುತ್ತೆ. ಒಳಗೆ ತಂದು ತಿಪ್ಪೆಗೆ ಹಾಕಿ.

ಹದಿನೈದು ದಿನಕ್ಕೊಮ್ಮೆ ಮತ್ತೆ ಗುಡಿಸಬೇಕು. ಫೆಬ್ರವರಿ, ಮಾರ್ಚಿನಲ್ಲಿ ಎಲೆ ಉದುರುತ್ತಲೇ ಇರುತ್ತವೆ. ಈ ಎರಡನೇ ಸಲದ ಗುಡಿಸುವಿಕೆಯನ್ನು ಯಾರೂ ಮಾಡಲ್ಲ. ನಾನೂ ಒಂದು ವರ್ಷ ಮಾಡಿರಲಿಲ್ಲ.

ನೀಲಗಿರಿ ಇದ್ದವರಿಗೆ ಇನ್ನೊಂದು ಕೆಲಸ. ಟಿಪ್ಪು 1790ರ ಸುಮಾರಿಗೆ ನಂದಿ ಬೆಟ್ಟದಲ್ಲಿ ತರಿಸಿ ನೆಡಿಸಿದ ಅಂತಾರೆ, ಅಲ್ಲಿಂದ ಕೋಲಾರ, ಚಿಕ್ಕಬಳ್ಳಾಪುರ, ನಮ್ಮ ಕಡೆಯೆಲ್ಲ ಹಬ್ಬಿತು. 2017ರಲ್ಲಿ ಸರ್ಕಾರ ಹೊಸದಾಗಿ ನೆಡಬಾರದು ಅಂತ ಆದೇಶ ಮಾಡಿತು, ಆದರೆ ಹಳೇದು ಚಿಗುರಿ ಚಿಗುರಿ ಇದ್ದೇ ಇದೆ. ಇದರ ತೊಗಟೆ ಉದ್ದುದ್ದ ಸುಲಿದು ನೇತಾಡುತ್ತದೆ. ಬೆಂಕಿ ಬಿದ್ದರೆ ಆ ತೊಗಟೆ ಹತ್ತಿಕೊಂಡು ಗಾಳಿಯಲ್ಲಿ ಹಾರಿ, ಲೈನ್ ದಾಟಿ ಆಚೆ ಬೀಳುತ್ತದೆ. ಆಸ್ಟ್ರೇಲಿಯಾದಲ್ಲಿ ಹೀಗೆ ಹಾರಿದ ಕಿಡಿ ಕಿಲೋಮೀಟರ್‌ಗಟ್ಟಲೆ ಮುಂದೆ ಹೋಗಿ ಹೊಸ ಬೆಂಕಿ ಹಚ್ಚಿದ್ದುಂಟು. ನಮ್ಮಲ್ಲಿ ಮರ ಸಣ್ಣದು, ಅಷ್ಟು ದೂರ ಹಾರಲ್ಲ. ಆದರೂ ಲೈನಿಗೆ ಹತ್ತಿರದ ಎರಡು ಸಾಲಿನಲ್ಲಿ ಕೈಗೆ ಎಟುಕುವಷ್ಟು ತೊಗಟೆ ಕಿತ್ತು ಬಿಡಿ. ಒಲೆಗೆ ಆಗುತ್ತೆ.

ಬಣವೆ ಬಗ್ಗೆ ಹೆಚ್ಚು ಹೇಳಲ್ಲ. ಲೈನಿನಿಂದಲೂ ಮನೆಯಿಂದಲೂ ಕರೆಂಟ್ ತಂತಿಯಿಂದಲೂ ದೂರ ಇರಲಿ, ಅಷ್ಟೆ.

ಸುಡಲೇಬೇಕಾ?

ನಾನು ಈಗ ಸುಡುವುದಿಲ್ಲ. ಹುಲ್ಲು ಕೊಯ್ದರೆ ದನಕ್ಕಾಗುತ್ತೆ, ಇಲ್ಲದಿದ್ದರೆ ಮಾವಿನ ಬುಡಕ್ಕಾಗುತ್ತೆ. ಮೀಸಲು ಅರಣ್ಯಕ್ಕೆ ತಗಲುವ ಹಾಗೆ ಬೆಂಕಿ ಹಚ್ಚುವುದು, ಉರಿಯುವ ಬೆಂಕಿ ಬಿಟ್ಟು ಬರುವುದು ಎರಡೂ ಕರ್ನಾಟಕ ಅರಣ್ಯ ಕಾಯ್ದೆ 1963ರ ಪ್ರಕಾರ ಅಪರಾಧ. ಬೆಟ್ಟದ ಅಂಚಿನವರು ಆ ಯೋಚನೆಯನ್ನೇ ಬಿಡಿ.

ಬೆಟ್ಟದಿಂದ ದೂರ, ನಡು ಹೊಲದಲ್ಲಿ ಸುಡುತ್ತೇವೆ ಅನ್ನುವವರಿಗೆ ಇಷ್ಟು ಹೇಳುತ್ತೇನೆ. ಬೆಳಿಗ್ಗೆ ಹತ್ತು ಗಂಟೆಗೆ ಹಚ್ಚಬೇಡಿ. ಆಗ ಗಾಳಿ ಇರಲ್ಲ, ಬೆಂಕಿ ಸಾಧುವಾಗಿ ಕಾಣುತ್ತೆ. ಆದರೆ ಅಲ್ಲಿಂದ ಮುಂದೆ ಪ್ರತಿ ಗಂಟೆಗೂ ಬಿಸಿಲೂ ಗಾಳಿಯೂ ಏರುವ ಹೊತ್ತು. ನಮ್ಮ ಮನೆಯವರು ಮಾಡಿದ ಮೊದಲನೇ ತಪ್ಪೇ ಅದು. ಸಂಜೆ ಐದರ ಮೇಲೆ ಹಚ್ಚಿದರೆ ಹೊತ್ತು ಹೋದಂತೆ ತಂಪಾಗುತ್ತೆ. ಗಾಳಿ ಬರುವ ಕಡೆಯಿಂದ ಹಚ್ಚಬೇಡಿ, ಗಾಳಿ ಹೋಗುವ ಕಡೆಯ ಅಂಚಿನಿಂದ ಹಚ್ಚಿ. ಆಗ ಬೆಂಕಿ ಗಾಳಿಗೆ ಎದುರಾಗಿ ತೆವಳಿಕೊಂಡು ಬರುತ್ತೆ. ಇಳಿಜಾರಾದರೆ ಮೇಲಿನಿಂದ ಹಚ್ಚಿ, ಕೆಳಕ್ಕೆ ನಿಧಾನ ಇಳಿಯುತ್ತೆ. ನಾಲ್ಕು ಜನ, ಒಂದು ಡ್ರಮ್ ನೀರು, ಹಸಿ ಹೊಂಗೆ ಕೊಂಬೆ ಪಕ್ಕದಲ್ಲಿರಬೇಕು. ಪಕ್ಕದ ಹೊಲದವರಿಗೆ ಮೊದಲೇ ಹೇಳಿರಬೇಕು. ಇಷ್ಟಕ್ಕೆಲ್ಲ ಆಗೋ ಖರ್ಚಿಗೆ ಕೊಯ್ಯಿಸುವುದೇ ವಾಸಿ ಅಂತ ನಿಮಗೂ ಅನ್ನಿಸಬಹುದು.

ಬೆಟ್ಟದಿಂದ ಬೆಂಕಿ ಬಂದರೆ

ಮೊದಲು ಫೋನ್. 101 ಅಥವಾ 112, ಆಮೇಲೆ ನಿಮ್ಮ ಬೀಟಿನ ಗಾರ್ಡ್. ಗಾರ್ಡ್ ನಂಬರನ್ನು ನಾನು ಪಂಪ್‌ಹೌಸ್ ಗೋಡೆ ಮೇಲೆ ಪೇಂಟಿನಲ್ಲಿ ಬರೆಸಿದ್ದೇನೆ. ಅವಸರದಲ್ಲಿ ಮೊಬೈಲಿನಲ್ಲಿ ಹುಡುಕುವುದಕ್ಕೆ ಆಗಲ್ಲ. ಸರ್ವೆ ನಂಬರ್ ಹೇಳಬೇಡಿ, ಯಾವ ಗುಡಿ, ಯಾವ ಬಂಡೆ, ಯಾವ ಕಟ್ಟೆ ಅಂತ ಹೇಳಿ. ಅಂದಹಾಗೆ, ಡೆಹ್ರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆಯವರು ಉಪಗ್ರಹದಲ್ಲಿ ಬೆಂಕಿ ಕಂಡರೆ ಎಸ್ಎಂಎಸ್ ಕಳಿಸುತ್ತಾರೆ. ಯಾರು ಬೇಕಾದರೂ ನೋಂದಾಯಿಸಿಕೊಳ್ಳಬಹುದು. ಒಳ್ಳೆಯದೇ. ಆದರೆ ಉಪಗ್ರಹ ದಿನಕ್ಕೆ ಕೆಲವೇ ಸಲ ನೆತ್ತಿ ಮೇಲೆ ಹಾದುಹೋಗುವುದು. ಅಷ್ಟರಲ್ಲಿ ಕುರಿ ಮೇಯಿಸುವ ಹುಡುಗ ನೋಡಿರುತ್ತಾನೆ.

ಬೆಂಕಿಯ ಮೇಲ್ಗಡೆ ನಿಲ್ಲಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆ. ಇಳಿಜಾರು ಹತ್ತು ಡಿಗ್ರಿ ಏರಿದರೆ ಮೇಲಕ್ಕೆ ಓಡುವ ಬೆಂಕಿಯ ವೇಗ ಹೆಚ್ಚೂಕಡಿಮೆ ಎರಡರಷ್ಟಾಗುತ್ತೆ, ಇಪ್ಪತ್ತು ಡಿಗ್ರಿಗೆ ನಾಲ್ಕರಷ್ಟು. 1960ರ ದಶಕದಲ್ಲಿ ಅಲನ್ ಮೆಕಾರ್ಥರ್ ಎಂಬ ಆಸ್ಟ್ರೇಲಿಯಾದ ಬೆಂಕಿ ವಿಜ್ಞಾನಿ ಕಾಡಿನಲ್ಲಿ ಬೆಂಕಿ ಹಚ್ಚಿ ಅಳೆದು ಹೇಳಿದ ಲೆಕ್ಕ. ನಮ್ಮ ಬೆಟ್ಟದ ಏರು ನೀವೇ ನೋಡಿದ್ದೀರಲ್ಲ.

ಬೆಂಕಿಯ ಬಾಲ ಹಿಡಿದು ಶುರು ಮಾಡಬೇಕು, ಅಂದರೆ ಆಗಲೇ ಸುಟ್ಟು ಕಪ್ಪಾದ ಕಡೆಯಿಂದ. ಅಲ್ಲಿಂದ ಪಕ್ಕೆ ಉದ್ದಕ್ಕೂ ಬಡಿಯುತ್ತಾ ಮುಂದೆ ಹೋಗಬೇಕು. ಬಡಿಯೋದು ಅಂದರೆ ಬಟ್ಟೆ ಒಗೆದ ಹಾಗೆ ಎತ್ತಿ ಎತ್ತಿ ಬಡಿಯೋದಲ್ಲ, ಹಾಗೆ ಮಾಡಿದರೆ ಕಿಡಿ ಆಚೆ ಹಾರುತ್ತೆ. ಸೊಪ್ಪನ್ನು ಬೆಂಕಿ ಮೇಲೆ ಒತ್ತಿ, ಸುಟ್ಟ ಕಡೆಗೆ ಎಳೆಯಬೇಕು. ವಾಚರ್ ಹುಡುಗ ನನ್ನ ಕೈಯಿಂದ ಕೊಂಬೆ ಕಿತ್ತುಕೊಂಡು ತೋರಿಸಿದ. "ಹೊಡೀಬೇಡಿ ಅಕ್ಕಾ, ಅಮುಕಿ" ಅಂದ. ದಿಕ್ಕು ತಪ್ಪಿದರೆ ಸುಟ್ಟ ನೆಲಕ್ಕೆ ನುಗ್ಗಿ, ಅಲ್ಲಿ ಉರಿಯೋಕೆ ಏನೂ ಉಳಿದಿರಲ್ಲ.

ನೈಲಾನ್ ಸೀರೆ, ಪಾಲಿಸ್ಟರ್ ಪ್ಯಾಂಟು ಬೇಡ, ಮೈಗೆ ಅಂಟಿಕೊಂಡು ಕರಗುತ್ತೆ. ಹವಾಯಿ ಚಪ್ಪಲಿಯೂ ಹಾಗೇ. ಹತ್ತಿ ಬಟ್ಟೆ, ಚರ್ಮದ ಮೆಟ್ಟು. ಮತ್ತೆ ಒಂದು ಕುರಿ ಕಂಬಳಿ. ನಗಬೇಡಿ. 1939ರಲ್ಲಿ ಮ್ಯಾಟ್ಲಾಕ್ ಹತ್ತಿರ ಫಿಟ್ಜ್‌ಪ್ಯಾಟ್ರಿಕ್ ಅನ್ನೋ ಸಾ ಮಿಲ್ಲಿನಲ್ಲಿ 16 ಜನ ಇದ್ದರು. ಉಳಿದದ್ದು ಒಬ್ಬ, ಒದ್ದೆ ಕಂಬಳಿ ಸುತ್ತಿಕೊಂಡವನು. ಉಣ್ಣೆ ಬೇಗ ಹತ್ತಿಕೊಳ್ಳಲ್ಲ, ಕರಕಲಾಗುತ್ತೆ ಅಷ್ಟೆ. ಶಿರಾ ಕಡೆಯಿಂದ ತಂದ ಕಂಬಳಿ ನಮ್ಮ ಪಂಪ್‌ಹೌಸಿನಲ್ಲಿ ನೇತಾಡುತ್ತಿರುತ್ತದೆ, ಕೆಳಗೆ ಒಂದು ಬಕೆಟ್ ನೀರು. ಕಂಬಳಿ ಇದೆ ಅಂತ ಬೆಂಕಿಯೊಳಗೆ ಹೋಗುವುದಲ್ಲ, ಸಿಕ್ಕಿಬಿದ್ದರೆ ಇರಲಿ ಅಂತ.

ಜ್ವಾಲೆ ನಿಮ್ಮ ಎದೆಗಿಂತ ಮೇಲಿದ್ದರೆ ಕೊಂಬೆ ಬಿಸಾಡಿ ವಾಪಸ್ ಬನ್ನಿ. ಮಾವಿನ ಗಿಡ ಮತ್ತೆ ನೆಡಬಹುದು. ನಾನು ನೆಟ್ಟಿದ್ದೇನೆ.

ಆರಿಸಿದ ಮೇಲೆ

ಜ್ವಾಲೆ ಹೋಯಿತು, ಎಲ್ಲ ಕೂತು ಮಜ್ಜಿಗೆ ಕುಡಿಯುತ್ತಿದ್ದೀರಿ. ಅರ್ಧ ಗಂಟೆ ಕೂತು ಎದ್ದು ಬನ್ನಿ, ಅಸಲು ಕೆಲಸ ಈಗ.

ಸುಟ್ಟ ಜಾಗದ ಅಂಚಿನಿಂದ ಒಳಕ್ಕೆ ಮೂವತ್ತು ಅಡಿ ಪೂರ್ತಿ ನೋಡಬೇಕು. ನಡುವಿನದು ಉರಿದರೂ ಸುತ್ತ ಏನೂ ಇಲ್ಲ, ಹೋಗಲಿ. ಅಂಚೇ ಮುಖ್ಯ. ಕರೀ ಬೂದಿಗಿಂತ ಬಿಳೀ ಬೂದಿ ಇರುವ ಕಡೆ ಮೊದಲು ಹೋಗಿ. ಬಿಳೀ ಬೂದಿ ಅಂದರೆ ಅಲ್ಲಿ ಜಾಸ್ತಿ ಹೊತ್ತು ಉರಿದಿದೆ, ಒಳಗೆ ಕೆಂಡ ಇರಬಹುದು ಅಂತ ಅರ್ಥ. ಸಗಣಿ ಕುಳ್ಳು, ಬಿದ್ದ ಮರ, ಗೆದ್ದಲು ತಿಂದ ಬೊಡ್ಡೆ, ಇವು ಮೂರು ದೊಡ್ಡ ಕಳ್ಳರು. ಇಳಿಜಾರಿನಲ್ಲಿ ಅಡ್ಡ ಬಿದ್ದ ತುಂಡು ಉರಿದು ಸಡಿಲವಾಗಿ ಕೆಳಗೆ ಉರುಳುತ್ತೆ, ಹೋಗುತ್ತಾ ಹಚ್ಚಿಕೊಂಡು ಹೋಗುತ್ತೆ. ಅದನ್ನು ಏರಿಗೆ ನೇರ ತಿರುಗಿಸಿ ಕಲ್ಲು ಕೊಡಿ.

ಕೈ ಇಟ್ಟು ನೋಡುವುದಕ್ಕೆ ಒಂದು ಕ್ರಮ ಇದೆ. ಅಂಗೈ ಬೇಡ, ದುಡಿದು ದುಡಿದು ದಪ್ಪವಾಗಿರುತ್ತೆ. ಹಿಂಗೈಯನ್ನು ನೆಲದಿಂದ ಒಂದು ಗೇಣು ಮೇಲೆ ಹಿಡಿದು ನಿಧಾನ ಕೆಳಕ್ಕೆ ತನ್ನಿ. ಬಿಸಿ ತಾಗಿದ ಕಡೆ ನಿಲ್ಲಿಸಿ, ಅಲ್ಲಿ ಗುದ್ದಲಿ ಹಾಕಿ. ತಾಗದಿದ್ದರೆ ಬೂದಿ ಮುಟ್ಟಿ, ಆಮೇಲೆ ಬೂದಿ ಒಳಗೆ ಬೆರಳು ಹಾಕಿ.

ನೀರಿನ ವಿಷಯಕ್ಕೆ ಬರುತ್ತೇನೆ. ನಮ್ಮ ಮನೆಯವರ ಎರಡನೇ ತಪ್ಪು ಇದು. ನಾಲ್ಕು ಬಿಂದಿಗೆ ಮೇಲೆ ಸುರಿದು ಬಂದರು. ಮುದ್ದೆ ಮಾಡೋರಿಗೆ ಇದು ಬೇಗ ಅರ್ಥವಾಗುತ್ತೆ. ಎಸರಿಗೆ ಹಿಟ್ಟು ಹಾಕಿ ಸುಮ್ನೆ ಬಿಟ್ಟರೆ ಏನಾಗುತ್ತೆ? ಮೇಲೆಲ್ಲ ನೆಂದು, ನಡುವೆ ಒಣ ಹಿಟ್ಟಿನ ಗಂಟು ಉಳಿಯುತ್ತೆ. ಕೋಲು ಹಾಕಿ ತೊಳಸಿದರೇ ಗಂಟು ಒಡೆಯುವುದು. ಬೂದಿಯೂ ಹಾಗೇ. ಮೇಲೆ ಸುರಿದ ನೀರು ಬೂದಿಯ ಮೇಲ್ಪದರ ನೆನೆಸಿ ಜಾರಿಹೋಗುತ್ತೆ, ಒಳಗಿನ ಕೆಂಡ ಬೆಚ್ಚಗೆ ಕೂತಿರುತ್ತೆ. ಅದಕ್ಕೆ ಸ್ವಲ್ಪ ನೀರು, ಗುದ್ದಲಿಯಲ್ಲಿ ಅಗೆದು ಕಲಸು, ಮತ್ತೆ ನೀರು, ಮತ್ತೆ ಕಲಸು. ಮೆತ್ತಗೆ ಕೆಸರಾಗುವ ತನಕ. ಒಂದು ಬೊಡ್ಡೆಗೆ ಎರಡು ಬಿಂದಿಗೆ, ಹತ್ತು ನಿಮಿಷ.

ನೀರಿಲ್ಲದಿದ್ದರೆ ಮಣ್ಣು ಮುಚ್ಚಿ ಬರಬೇಡಿ. ಇದ್ದಿಲು ಸುಡೋರು ಮಾಡೋದೂ ಅದನ್ನೇ ಅಲ್ವಾ? ಮುಚ್ಚಿದ ಬೆಂಕಿ ಆರಲ್ಲ, ನಿಧಾನವಾಗುತ್ತೆ. ಕೆಂಡವನ್ನು ಹೊರಗೆಳೆದು ಹರಡಿ, ಒಣ ಮಣ್ಣಿನಲ್ಲಿ ಉಜ್ಜಿ, ತಣ್ಣಗಾಗುವ ತನಕ ಅಲ್ಲೇ ಇರಿ.

ನೀಲಗಿರಿ ಬೊಡ್ಡೆಗೆ ಸುತ್ತ ಒಂದೂವರೆ ಅಡಿ ಆಳ ಅಗೆದು ಬೇರು ನೋಡಬೇಕು. ಬೇರು ಸುಟ್ಟುಹೋದ ಕಡೆ ಇಲಿ ಬಿಲದ ಹಾಗೆ ತೂತು ಕಾಣುತ್ತೆ. ಆ ತೂತಿನೊಳಗೆ ನೀರು ಬಿಡಿ. ನಮ್ಮದು ಅಂಥ ತೂತು ಬೊಡ್ಡೆಯಿಂದ ಏಳು ಅಡಿ ದೂರಕ್ಕೆ ಹೋಗಿ, ಒಣ ಎಲೆಗಳ ಕೆಳಗೆ ಬಾಯಿ ತೆರೆದಿತ್ತು. ಬೆಂಕಿ ಬಂದದ್ದು ಅಲ್ಲಿಂದ. ಆಮೇಲೆ ಅಗೆದು ನೋಡಿದಾಗ ಒಳಗೆ ಕೊಳವೆ ಹಾಗೆ ನುಣ್ಣಗೆ ಸುಟ್ಟಿತ್ತು.

ಮೂರು ದಿನ ಕಾವಲು ಬೇಕು. ದಿನಕ್ಕೆ ಎರಡು ಹೊತ್ತು ಹೋಗಿ. ಒಂದು, ಬೆಳಿಗ್ಗೆ ಬೆಳಕು ಹರಿಯುವ ಮುಂಚೆ. ತಂಪಿಗೆ ಹೊಗೆ ನೆಲಕ್ಕೇ ಅಂಟಿಕೊಂಡು ನೂಲಿನ ಹಾಗೆ ಎದ್ದು ಕಾಣುತ್ತೆ, ವಾಸನೆಯೂ ಮೂಗಿಗೆ ಸಿಗುತ್ತೆ. ಇನ್ನೊಂದು, ಮಧ್ಯಾಹ್ನ ಎರಡರ ಹೊತ್ತಿಗೆ, ಗಾಳಿ ಏಳುವಾಗ. ದೊಡ್ಡ ಬೊಡ್ಡೆಗಳಿದ್ದರೆ ಒಂದು ವಾರ ನೋಡಿ. ಪ್ರತಿ ಬೊಡ್ಡೆ ಪಕ್ಕ ಒಂದು ಕಲ್ಲಿಡಿ, ಮೂರು ಸಲ ತಣ್ಣಗಿದ್ದರೆ ಕಲ್ಲು ತೆಗೆಯಿರಿ. ಇಲ್ಲದಿದ್ದರೆ ಯಾವುದು ನೋಡಿದೆ, ಯಾವುದು ಬಿಟ್ಟೆ ಅಂತ ನೆನಪಿರಲ್ಲ. ನನಗೆ ಅರವತ್ತೆರಡು, ಕಲ್ಲೇ ವಾಸಿ.

ಹೋದ ಮಾರ್ಚಿನಲ್ಲಿ ಬೆಟ್ಟದ ಕಡೆಯಿಂದ ಸಣ್ಣ ಬೆಂಕಿ ಬಂತು. ಲೈನಿನ ಹತ್ತಿರ ಬಂದು ಹುಲ್ಲು ಸಿಗದೆ ಕೂತುಕೊಂಡಿತು. ಒಂದೇ ಕಡೆ ತೊಗಟೆ ಹಾರಿ ಒಳಗೆ ಬಿದ್ದಿತ್ತು, ಅಮುಕಿದೆವು. ಬೇಲಿ ಉದ್ದಕ್ಕೂ ಹನ್ನೊಂದು ಕಲ್ಲಿಟ್ಟೆ. ಎರಡನೇ ದಿನ ಬೆಳಿಗ್ಗೆ ನಮ್ಮ ಮನೆಯವರು ನನಗಿಂತ ಮೊದಲೇ ಎದ್ದು ಟಾರ್ಚ್ ಹಿಡಿದು ಹೋಗಿದ್ದರು. ಏಳನೇ ಕಲ್ಲಿನ ಹತ್ತಿರ ಕುಕ್ಕರಗಾಲಲ್ಲಿ ಕೂತು, ಹಿಂಗೈ ನೆಲಕ್ಕೆ ಹಿಡಿದಿದ್ದರು. "ಇದು ಇನ್ನೂ ಐತೆ ಕಣೇ" ಅಂದರು. ನಾನು ನೀರು ತರೋಕೆ ಹೋದೆ.